ಮಡಚುವ ಲಾಠಿ ಇಟ್ಟುಕೊಂಡು ಓಡಾಡಬಹುದಾ?

ವಸಂತನರಸಾಪುರದಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ ತುಮಕೂರಿಗೆ ಬೈಕಲ್ಲಿ ಬರ್ತೀನಿ, ಮಡಚುವ ಸ್ಟೀಲ್ ಲಾಠಿ (ಒಂದರೊಳಗೊಂದು ಜಾರುವ ಕೊಳವೆಗಳದು) ಇಟ್ಟುಕೊಂಡ್ರೆ ತೊಂದರೆಯಾ ಅಂತ ಕೇಳಿದ್ದೀರಿ. ಬಂದೂಕಿಗೆ ಬೇಕಾದ ಹಾಗೆ ಇದಕ್ಕೆ ಲೈಸೆನ್ಸ್ ಬೇಕಿಲ್ಲ ಸರ್. ಆದರೆ ಗಲಾಟೆ, ಚುನಾವಣೆ ಹೊತ್ತಲ್ಲಿ ನಿಷೇಧಾಜ್ಞೆ ಬರುತ್ತಲ್ಲ, ಆಗ ಕರ್ನಾಟಕ ಪೊಲೀಸ್ ಕಾಯ್ದೆ 1963ರ ಪ್ರಕಾರ ದೊಣ್ಣೆ, ಲಾಠಿ ಒಯ್ಯೋದನ್ನೂ ತಡೆಯಬಹುದು. ಅಂಥ ದಿನ ದಯವಿಟ್ಟು ಮನೆಯಲ್ಲೇ ಬಿಡಿ.

ಕೊಳ್ಳೋದಾದ್ರೆ ಬಿಚ್ಚಿದಾಗ 21 ಇಂಚು ಬರೋದು ಸಾಕು. ಅಂಗಡಿಯಲ್ಲೇ ಜೋರಾಗಿ ಝಾಡಿಸಿ ಬಿಚ್ಚಿ, ತುದಿಯನ್ನ ಅಂಗೈಗೆ ಒತ್ತಿ ನೋಡಿ. ಕೊಳವೆ ಒಳಕ್ಕೆ ಜಾರಿದ್ರೆ ಅದು ಬೇಡ. ಒಳ್ಳೇದು ಗಟ್ಟಿ ನೆಲಕ್ಕೆ ನೆಟ್ಟಗೆ ಕುಟ್ಟಿದ್ರೆ ಮಾತ್ರ ಮುಚ್ಚಿಕೊಳ್ಳುತ್ತೆ. ಹಿಡಿ ರಬ್ಬರಿನದಿರಲಿ.

ಇದಕ್ಕಿಂತ ಮುಖ್ಯವಾದ್ದು ಹೊಡೆಯೋ ವಿಷಯ. ಭಾರತೀಯ ನ್ಯಾಯ ಸಂಹಿತೆಯ 34ನೇ ಸೆಕ್ಷನ್ ಆತ್ಮರಕ್ಷಣೆಯ ಹಕ್ಕು ಕೊಡುತ್ತೆ, ಆದರೆ ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಅಂತ 37ನೇದು ಹೇಳುತ್ತೆ. ಓಡಿಹೋಗ್ತಿರೋನ ಬೆನ್ನಟ್ಟಿ ಹೊಡೆದ್ರೆ ಕೇಸು ನಿಮ್ಮ ಮೇಲೇ ಬೀಳುತ್ತೆ. ತಲೆಗಂತೂ ಬೀಸಲೇಬೇಡಿ, ಸ್ಟೀಲಿನ ಏಟಿಗೆ ಜೀವ ಹೋಗುತ್ತೆ.

ನನ್ನ ಕೇಳಿದ್ರೆ, ಬೈಕ್ ಮೇಲಿದ್ದಾಗ ಲಾಠಿ ತೆಗೆಯೋ ಹೊತ್ತಿಗೆ ಕಾಲ ಮೀರಿರುತ್ತೆ. ಅದೇ ಶಿಫ್ಟಿನವರ ಜೊತೆ ಎರಡು ಮೂರು ಗಾಡಿ ಒಟ್ಟಿಗೆ ಹೊರಡಿ. ಯಾರಾದ್ರೂ ಹಿಂಬಾಲಿಸಿದ್ರೆ ನಿಲ್ಲಿಸಬೇಡಿ, ಜನ ಇರೋ ಪೆಟ್ರೋಲ್ ಬಂಕಿಗೆ ನುಗ್ಗಿ 112ಕ್ಕೆ ಫೋನ್ ಮಾಡಿ.