ಡಿಸ್‌ಪ್ಲೇ ನೋಡಲು ಒಂದೇ, ಒಳಗಿನ ಚಿಪ್ ಬೇರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಮಾಂಡ್‌ಗಳು, ಅವುಗಳ ಬೆಲೆಗಳು ಮತ್ತು ವಿಳಾಸಗಳನ್ನು ಹೆಕ್ಸ್‌ನಲ್ಲಿ ಕೊಟ್ಟಿದ್ದೇವೆ. ಕಾಲಂ, ಸಾಲು, ಪಿಕ್ಸೆಲ್ ಲೆಕ್ಕಗಳು ಮಾಮೂಲಿ ಸಂಖ್ಯೆಗಳು.

ಪ್ರಶ್ನೆ: 0.96 ಇಂಚಿನ ಓಎಲ್‌ಇಡಿಯಲ್ಲಿ ಚೆನ್ನಾಗಿ ಓಡುತ್ತಿದ್ದ ಎಸ್‌ಎಸ್‌ಡಿ1306 (ಪರದೆ ನಡೆಸುವ ಚಿಪ್) ಕೋಡನ್ನೇ 1.3 ಇಂಚಿನ ಮಾಡ್ಯೂಲಿಗೆ ಹಾಕಿದೆ. ಒಂದು ಪಟ್ಟಿಯಲ್ಲಿ ಮಾತ್ರ ಏನೋ ಗೀಚಿದಂತಿದೆ, ಉಳಿದ ಕಡೆಯೆಲ್ಲ ಬರೀ ಚುಕ್ಕಿಗಳು. ಸ್ಕ್ಯಾನ್ ಮಾಡಿದರೆ 3ಸಿ ವಿಳಾಸ ಸಿಗುತ್ತದೆ, ಎರರ್ ಇಲ್ಲ. ಮಾಡ್ಯೂಲ್ ಸುಟ್ಟಿದೆಯೇ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ತುಮಕೂರು

ಉತ್ತರ: ಸುಟ್ಟಿಲ್ಲ. 1.3 ಇಂಚಿನ ಮಾಡ್ಯೂಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಎಸ್‌ಎಚ್1106 ಚಿಪ್. ಐ2ಸಿ (ಎರಡು ತಂತಿಯ ಸಂಪರ್ಕ) ವಿಳಾಸ ಅದೇ. ಆನ್ ಮಾಡುವ ಎಎಫ್, ಆಫ್ ಮಾಡುವ ಎಇ, ಕಾಂಟ್ರಾಸ್ಟಿನ 81, ಸಾಲುಗಳ ಸಂಖ್ಯೆ ಹೇಳುವ ಎ8 ಕೂಡ ಅವೇ. ಚಿಪ್ ಪ್ರತಿ ಬೈಟಿಗೂ ಒಪ್ಪಿಗೆಯ ಸಂಕೇತ ಕೊಡುತ್ತದೆ, ಹಾಗಾಗಿ ನಿಮ್ಮ ಕೋಡಿಗೆ ತಪ್ಪು ನಡೆದದ್ದೇ ಗೊತ್ತಾಗುವುದಿಲ್ಲ.

ವ್ಯತ್ಯಾಸ ಮುಖ್ಯವಾಗಿ ಮೂರು ಕಡೆ ಇದೆ. ಎಸ್‌ಎಸ್‌ಡಿ1306ರಲ್ಲಿ 20 ಕಮಾಂಡಿನಿಂದ ಅಡ್ಡ ಮೋಡ್ ಹಾಕಿ, 21 ಮತ್ತು 22ರಿಂದ ಕಾಲಂ ಮತ್ತು ಪೇಜ್ (ಎಂಟು ಪಿಕ್ಸೆಲ್ ಎತ್ತರದ ಅಡ್ಡ ಪಟ್ಟಿ) ಮಿತಿ ಕೊಟ್ಟು, 1024 ಬೈಟನ್ನು ಒಂದೇ ಓಟದಲ್ಲಿ ಕಳಿಸಬಹುದು. ಎಸ್‌ಎಚ್1106ರಲ್ಲಿ ಆ ಮೋಡೇ ಇಲ್ಲ. ಅದು ಒಂದು ಪೇಜ್ ತುಂಬಿದ ಮೇಲೆ ತಾನಾಗಿ ಮುಂದಿನ ಪೇಜಿಗೆ ದಾಟುವುದಿಲ್ಲ. ನಿಮಗೆ ಕಂಡ ಒಂದು ಪಟ್ಟಿ ಅದೇ. ಉಳಿದ ಚುಕ್ಕಿಗಳು ಪವರ್ ಕೊಟ್ಟಾಗ ಮೆಮೊರಿಯಲ್ಲಿ ಇದ್ದ ಕಸ.

ಇದಕ್ಕಿಂತ ಕಾಟ ಕೊಡುವುದು ಕಮಾಂಡಿನ ಹಿಂದೆ ಬರುವ ಬೈಟ್‌ಗಳು. 21, 00, 7ಎಫ್ ಎಂದು ಕಳಿಸಿದಿರಿ ಅಂದುಕೊಳ್ಳಿ. ಎಸ್‌ಎಚ್1106ರ ಪಟ್ಟಿಯಲ್ಲಿ 21 ಇಲ್ಲ, ಆದರೆ 00 ಮತ್ತು 7ಎಫ್ ಎರಡೂ ಸ್ವತಂತ್ರ ಕಮಾಂಡ್‌ಗಳು: 00 ಎಂದರೆ ಕಾಲಂ ವಿಳಾಸದ ಕೆಳಗಿನ ನಾಲ್ಕು ಬಿಟ್, 7ಎಫ್ ಎಂದರೆ ಚಿತ್ರ 63ನೇ ಸಾಲಿನಿಂದ ಶುರುವಾಗಲಿ ಎಂದು. ಚಿತ್ರ ಒಂದು ಸಾಲು ಜರುಗಿ ಕೂರುವುದು ಹೀಗೆ. ಪರದೆಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಒದಗಿಸುವ ಚಾರ್ಜ್ ಪಂಪಿನ 8ಡಿ, 14 ಜೋಡಿಯದ್ದೂ ಇದೇ ಕಥೆ. 14 ಹೋಗಿ ಕಾಲಂ ವಿಳಾಸದ ಮೇಲಿನ ಬಿಟ್‌ಗಳನ್ನು 4 ಮಾಡುತ್ತದೆ. ಎಸ್‌ಎಚ್1106ರ ಪಂಪ್ ಕಮಾಂಡ್ ಎಡಿ, 8ಬಿ. ಅದನ್ನು ಡಿಸ್‌ಪ್ಲೇ ಆಫ್ ಇರುವಾಗಲೇ ಕೊಡಬೇಕು. ರೀಸೆಟ್ ಆದಾಗ ಆ ಪಂಪ್ ಹೇಗೂ ಸಕ್ರಿಯ ಸ್ಥಿತಿಯಲ್ಲಿರುವುದರಿಂದ, ತಪ್ಪು ಕಮಾಂಡ್ ಕೊಟ್ಟರೂ ಪರದೆ ಬೆಳಗುತ್ತದೆ, ನಾವು ಮೋಸ ಹೋಗುತ್ತೇವೆ.

ಮೂರನೆಯದು ಅಗಲ. ಎಸ್‌ಎಚ್1106ರ ಮೆಮೊರಿ 132 ಕಾಲಂ, ಗಾಜು (ಕಣ್ಣಿಗೆ ಕಾಣುವ ಪರದೆ) 128. ಕಾಣುವ ಭಾಗ 2ರಿಂದ 129ರವರೆಗೆ. ಆದ್ದರಿಂದ ಎಂಟು ಪೇಜ್‌ಗಳಲ್ಲಿ ಪ್ರತಿಯೊಂದಕ್ಕೂ ಬಿ0 ಜೊತೆ ಪೇಜ್ ಸಂಖ್ಯೆ ಕೂಡಿಸಿ ಕಳಿಸಿ, ನಂತರ 02, ನಂತರ 10, ಆಮೇಲೆ 128 ಬೈಟ್ ಡೇಟಾ. ಶುರುವಿನಲ್ಲೊಮ್ಮೆ 132 ಕಾಲಂಗಳಿಗೂ ಸೊನ್ನೆ ಬರೆದುಬಿಡಿ. ಸರಿಯಾಯಿತೇ ಎಂದು ನೋಡಲು ಅಕ್ಷರ ಬರೆಯಬೇಡಿ; ಪರದೆಯ ಅಂಚಿಗೆ ಒಂದು ಪಿಕ್ಸೆಲ್ ದಪ್ಪದ ಚೌಕಟ್ಟು ಎಳೆಯಿರಿ. ಎಡಗೆರೆ ಮಾಯವಾಗಿ, ಬಲಗೆರೆ ಅಂಚಿನಿಂದ ಎರಡು ಪಿಕ್ಸೆಲ್ ಒಳಗೆ ನಿಂತಿದ್ದರೆ 02ರ ಬದಲು 00 ಹೋಗುತ್ತಿದೆ.

ಪ್ರಶ್ನೆ: ಯಾವ ಚಿಪ್ ಎಂದು ಕೋಡೇ ಓದಿ ತಿಳಿದುಕೊಳ್ಳುವಂತೆ ಮಾಡಬಹುದೇ?
— ಫರ್ಮ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ಬಣ್ಣದ ಟಿಎಫ್‌ಟಿಗಳಲ್ಲಿ ಅರ್ಧ ಮಟ್ಟಿಗೆ ಸಾಧ್ಯ. ಐಎಲ್‌ಐ9341ಗೆ ಐಡಿ (ಗುರುತಿನ ಸಂಖ್ಯೆ) ಕೇಳುವ ಡಿ3 ಕಳಿಸಿ ಓದಿದರೆ ಕೊನೆಯ ಎರಡು ಬೈಟ್ 93, 41. ಐಎಲ್‌ಐ9488ರಲ್ಲಿ 94, 88. ಎಸ್‌ಟಿ7789ಗೆ 04 ಕಳಿಸಿದರೆ 85, 85, 52 ಬರಬೇಕು. ನಿಮಗೆ 42, ಸಿ2, ಎ9 ಬಂದರೆ ಗಾಬರಿ ಬೇಡ: ಓದುವ ಮುನ್ನ ಒಂದು ಖಾಲಿ ಕ್ಲಾಕ್ ಇದೆ, ಅದನ್ನು ಬಿಡದೆ ಓದಿದ್ದರಿಂದ ಎಲ್ಲ ಬಿಟ್‌ಗಳೂ ಒಂದು ಸ್ಥಾನ ಸರಿದಿವೆ. ಬರೆಯುವ ವೇಗದಲ್ಲೇ ಓದಲು ಹೋಗಬೇಡಿ. ಓದುವಾಗ ಎಸ್‌ಪಿಐ ಕ್ಲಾಕ್ 6 ಮೆಗಾಹರ್ಟ್ಸ್ ಒಳಗಿರಲಿ. ಎಷ್ಟೋ ಅಗ್ಗದ ಮಾಡ್ಯೂಲ್‌ಗಳಲ್ಲಿ ಓದುವ ಪಿನ್ ಹೊರಗೆ ತಂದೇ ಇರುವುದಿಲ್ಲ, ಅಲ್ಲಿಗೆ ಮುಗಿಯಿತು.

ಓಎಲ್‌ಇಡಿಗಳಲ್ಲಿ ಸ್ಟೇಟಸ್ ಬೈಟಿನ ಕೆಳಗಿನ ಬಿಟ್ ನೋಡಿ ಊಹಿಸುವ ಲೈಬ್ರರಿಗಳಿವೆ. ಎಸ್‌ಎಸ್‌ಡಿ1306ರ ಡೇಟಾಶೀಟಿನಲ್ಲಿ ಆ ಬಿಟ್‌ಗಳಿಗೆ ಅರ್ಥ ಕೊಟ್ಟಿಲ್ಲ. ಪ್ರಯೋಗದ ಮೇಜಿಗೆ ಸರಿ, ಮಾರುವ ಸಾಧನಕ್ಕೆ ಬೇಡ. ಐಡಿ ಸಿಕ್ಕರೂ ಅದು ಚಿಪ್ಪಿನದು, ಗಾಜಿನದಲ್ಲ. ಗಾಜು ಯಾವುದೆಂದು ಡಿವೈಸ್ ಟ್ರೀಯಲ್ಲಿ (ಹಾರ್ಡ್‌ವೇರ್ ವಿವರದ ಕಡತ) ಅಥವಾ ಬಿಲ್ಡ್ ಸೆಟ್ಟಿಂಗಿನಲ್ಲಿ ನೀವೇ ಹೇಳಬೇಕು.

ಪ್ರಶ್ನೆ: ಎಸ್‌ಟಿ7789, 240×240. ನೇರವಾಗಿದ್ದಾಗ ಸರಿ, 180 ಡಿಗ್ರಿ ತಿರುಗಿಸಿದರೆ ಚಿತ್ರದ ಒಂದು ಭಾಗ ಕಾಣೆ. ಬಣ್ಣವೂ ನೆಗೆಟಿವ್‌ನಂತೆ.
— ಓದುಗರು, ಮಂಗಳೂರು

ಉತ್ತರ: ಚಿಪ್ಪಿನ ಮೆಮೊರಿ 240×320. ಗಾಜಿಗೆ ಜೋಡಿಸಿರುವುದು ಮೊದಲ 240 ಸಾಲು. 36 ಕಮಾಂಡಿನಲ್ಲಿ ಸಾಲುಗಳನ್ನು ತಿರುಗಿಸುವ 80 ಬಿಟ್ ಹಾಕಿದೊಡನೆ ಎಣಿಕೆ 319ನೇ ಸಾಲಿನ ಕಡೆಯಿಂದ ಶುರುವಾಗುತ್ತದೆ, ಗಾಜು 80 ಸಾಲು ದಾಟಿದ ಮೇಲೆ ಸಿಗುತ್ತದೆ. ಹಾಗಾಗಿ ಬೆಲೆ ಸಿ0 ಇದ್ದಾಗ ಲಂಬ ದಿಕ್ಕಿಗೆ 80 ಕೂಡಿಸಿ, ಎ0 ಇದ್ದಾಗ ಅಡ್ಡ ದಿಕ್ಕಿಗೆ 80; 00 ಮತ್ತು 60ಕ್ಕೆ ಏನೂ ಬೇಡ. 135×240 ಗಾಜಿನಲ್ಲಿ ಮಿಕ್ಕ ಕಾಲಂ 105, ಬೆಸ ಸಂಖ್ಯೆ; ಒಂದು ಬದಿಗೆ 52, ಇನ್ನೊಂದು ಬದಿಗೆ 53. ತಿರುಗಿಸಿದಾಗ ಒಂದು ಪಿಕ್ಸೆಲ್ ಗೆರೆ ಉಳಿಯುವುದು ಇದರಿಂದಲೇ. ನೆಗೆಟಿವ್ ಬಣ್ಣಕ್ಕೆ 21 ಕಳಿಸಿ. ಐಪಿಎಸ್ ಗಾಜಿಗೆ ಅದು ಬೇಕು. ಕೆಂಪು, ನೀಲಿ ಅದಲು ಬದಲಾಗಿದ್ದರೆ ಮಾತ್ರ 36ರಲ್ಲಿ 08 ಬಿಟ್ ಬದಲಿಸಿ.

ಪ್ರಶ್ನೆ: ಲಿನಕ್ಸ್ ಡ್ರೈವರಿನಲ್ಲಿ ಮೂರು ಚಿಪ್‌ಗಳಿಗೆ ಆಗುವಷ್ಟರಲ್ಲಿ ‘ಈ ಚಿಪ್ ಆದರೆ ಹೀಗೆ’ ಎಂಬ ಷರತ್ತುಗಳು ನಲವತ್ತು ಕಡೆ ಹರಡಿವೆ. ನಾಲ್ಕನೆಯದು ಬರುತ್ತಿದೆ. ಹೇಗೆ ಬಿಡಿಸಲಿ?
— ಡ್ರೈವರ್ ಬರೆಯುವವರು, ಹೈದರಾಬಾದ್

ಉತ್ತರ: ಕೋಡಿನ ಮಧ್ಯೆ ಚಿಪ್ಪಿನ ಹೆಸರು ಕೇಳುವುದನ್ನು ಇಂದೇ ನಿಲ್ಲಿಸಿ. ಕೇಳಬೇಕಾದದ್ದು ಗುಣ: ಪಂಪ್ ಬೇಕೇ, ಪೇಜ್ ಮೋಡ್ ಮಾತ್ರವೇ, ಅಗಲವೆಷ್ಟು. ಲಿನಕ್ಸ್ 5.18ರಲ್ಲಿ ಸೇರಿದ ಎಸ್‌ಎಸ್‌ಡಿ130ಎಕ್ಸ್ ಡಿಆರ್‌ಎಂ (ಲಿನಕ್ಸಿನ ಗ್ರಾಫಿಕ್ಸ್ ವ್ಯವಸ್ಥೆ) ಡ್ರೈವರನ್ನು ತೆರೆದು ನೋಡಿ. ಈ ಕುಟುಂಬದ ಚಿಪ್‌ಗಳಿಗೆ ಅದರಲ್ಲಿ ಒಂದು ಕೋಷ್ಟಕವಿದೆ. ವಿಕಾಮ್‌ಎಚ್ (ಪರದೆಯ ಒಂದು ವೋಲ್ಟೇಜ್ ಮಟ್ಟ) ಬೆಲೆ ಎಸ್‌ಎಸ್‌ಡಿ1306ಕ್ಕೆ 20, ಎಸ್‌ಎಚ್1106ಕ್ಕೆ 40, ಎಸ್‌ಎಸ್‌ಡಿ1305 ಮತ್ತು 1309ಕ್ಕೆ 34. ಪಂಪ್ ಬೇಕೆಂಬ ಗುರುತು 1306ಕ್ಕೆ, ಪಿಡಬ್ಲ್ಯುಎಂ ಬೇಕೆಂಬುದು 1307ಕ್ಕೆ, ಪೇಜ್ ಮೋಡ್ ಮಾತ್ರ ಎಂಬುದು ಎಸ್‌ಎಚ್1106ಕ್ಕೆ. ಡಿವೈಸ್ ಟ್ರೀಯ ಕಂಪ್ಯಾಟಿಬಲ್ ಪದ (ಚಿಪ್ ಯಾವುದೆಂದು ಹೇಳುವ ಹೆಸರು) ಹೊಂದಿದಾಗ ಆ ಸಾಲಿನ ಪಾಯಿಂಟರ್ ಪ್ರೋಬ್ (ಡ್ರೈವರ್ ಶುರುವಾಗುವ) ಹಂತದಲ್ಲೇ ಕೈಗೆ ಬರುತ್ತದೆ. ಹೊಸ ಚಿಪ್ ಎಂದರೆ ಬಹುಮಟ್ಟಿಗೆ ಒಂದು ಹೊಸ ಸಾಲು.

ಬಿಟ್‌ಗಳ ಜಾಗವೇ ಬದಲಾಗುವ ಎಸ್‌ಒಸಿಗಳಲ್ಲಿ (ಇಡೀ ಕಂಪ್ಯೂಟರೇ ಒಂದು ಚಿಪ್ಪಿನಲ್ಲಿರುವಂಥವು) ಇಷ್ಟು ಸಾಲದು. ರಾಕ್‌ಚಿಪ್ ಕಂಪನಿಯ ಚಿಪ್‌ಗಳ ವಿಒಪಿ (ಪರದೆಗೆ ಚಿತ್ರ ಕಳಿಸುವ ಭಾಗ) ಡ್ರೈವರ್ ಪ್ರತಿ ಫೀಲ್ಡಿಗೂ ಆಫ್‌ಸೆಟ್, ಶಿಫ್ಟ್, ಮಾಸ್ಕ್ ಇಟ್ಟುಕೊಳ್ಳುತ್ತದೆ. ಆ ಚಿಪ್ಪಿನಲ್ಲಿ ಇಲ್ಲದ ಫೀಲ್ಡಿನ ಮಾಸ್ಕ್ ಸೊನ್ನೆ. ಬರೆಯುವ ಫಂಕ್ಷನ್ ಅದನ್ನು ನೋಡಿ, ಒಂದು ಡೀಬಗ್ ಸಂದೇಶ ಕೊಟ್ಟು, ಏನೂ ಬರೆಯದೆ ಮರಳುತ್ತದೆ. ಈ ಒಂದು ಏರ್ಪಾಟು ಎಷ್ಟೋ ಷರತ್ತುಗಳನ್ನು ನುಂಗಿಹಾಕುತ್ತದೆ. ಆರ್‌ಕೆ3399ರ ಒಂದೇ ಚಿಪ್ಪಿನಲ್ಲಿ ಎರಡು ವಿಒಪಿಗಳಿವೆ, ದೊಡ್ಡದರ ಮಿತಿ 4096×2160, ಚಿಕ್ಕದರದು 2560×1600. ಅವೆರಡಕ್ಕೂ ಬೇರೆ ಬೇರೆ ಕಂಪ್ಯಾಟಿಬಲ್ ಪದ, ಬೇರೆ ಕೋಷ್ಟಕ.

ಅಲ್ಲಿ ಎರಡು ಹೊಂಡಗಳಿವೆ. ಕೆಲವು ರಿಜಿಸ್ಟರ್‌ಗಳಲ್ಲಿ ಮೇಲಿನ 16 ಬಿಟ್ ಎಂದರೆ ಕೆಳಗಿನ 16 ಬಿಟ್ ಬರೆಯಲು ಅನುಮತಿ: 3ನೇ ಬಿಟ್ ಏರಿಸಲು 00080008 ಬರೆಯಬೇಕು. ಬರೀ 00000008 ಬರೆದರೆ ಎರರ್ ಇಲ್ಲ, ಬದಲಾವಣೆಯೂ ಇಲ್ಲ. ಆದ್ದರಿಂದ ‘ಅನುಮತಿ ಬಿಟ್ ಇದೆಯೇ’ ಎಂಬುದೂ ಕೋಷ್ಟಕದ ಒಂದು ಕಲಂ ಆಗಲಿ. ಇನ್ನೊಂದು, ಡಿಸ್‌ಪ್ಲೇ ರಿಜಿಸ್ಟರ್‌ಗಳು ಜೋಡಿ ಬಫರಿನವು. ಬರೆದದ್ದು ‘ಕಾನ್ಫಿಗ್ ಮುಗಿಯಿತು’ ಎಂಬ ಬಿಟ್ ಹಾಕಿ ಮುಂದಿನ ಫ್ರೇಮ್ ಬರುವವರೆಗೂ ಜಾರಿಗೆ ಬರುವುದಿಲ್ಲ. ಆ ನಡುವೆ ರಿಜಿಸ್ಟರನ್ನೇ ಓದಿ, ತಿದ್ದಿ, ಬರೆದರೆ ಹಳೆಯ ಬೆಲೆ ಕೈಗೆ ಬಂದು ಹಿಂದಿನ ತಿದ್ದುಪಡಿ ಅಳಿಸಿಹೋಗಬಹುದು. ಮೆಮೊರಿಯಲ್ಲಿ ನೆರಳು ಪ್ರತಿ ಇಟ್ಟು ಅದನ್ನೇ ತಿದ್ದಿ.

ನಲವತ್ತು ಷರತ್ತನ್ನೂ ಒಂದೇ ಪ್ಯಾಚಿನಲ್ಲಿ ಕೀಳಬೇಡಿ. ಮೊದಲು ಕೋಷ್ಟಕ ತನ್ನಿ, ನಡತೆ ಬದಲಾಗದಂತೆ ಒಂದೊಂದೇ ಗುಣ ಸಾಗಿಸಿ. ಪ್ರತಿ ಹಂತದಲ್ಲೂ ಹಳೆಯ ಮೂರು ಚಿಪ್‌ಗಳಿಗೆ ಹೋಗುವ ಬರಹಗಳ ಲಾಗ್ ತೆಗೆದು ಹಿಂದಿನದರೊಂದಿಗೆ ಹೋಲಿಸಿ, ಬೈಟಿಗೆ ಬೈಟ್ ಒಂದೇ ಇರಬೇಕು. ನಾಲ್ಕನೆಯ ಚಿಪ್ ಅದಾದ ಮೇಲೆ.

ಪ್ರಶ್ನೆ: ಅದೇ ಎಸ್‌ಎಸ್‌ಡಿ1306, ಆದರೆ 0.91 ಇಂಚಿನ 128×32. ಅಕ್ಷರಗಳ ಸಾಲುಗಳು ಬಿಟ್ಟು ಬಿಟ್ಟು ಬರುತ್ತಿವೆ.
— ಓದುಗರು, ಶಿವಮೊಗ್ಗ

ಉತ್ತರ: ಚಿಪ್ ಒಂದೇ, ಗಾಜಿಗೆ ತಂತಿ ಎಳೆದ ಕ್ರಮ ಬೇರೆ. ಎ8 ಕಮಾಂಡಿಗೆ 3ಎಫ್ ಬದಲು 1ಎಫ್, ಡಿಎ ಕಮಾಂಡಿಗೆ 12ರ ಬದಲು 02 ಕೊಡಿ. 22 ಕಮಾಂಡಿನ ಪೇಜ್ ಮಿತಿಯನ್ನೂ 7ರಿಂದ 3ಕ್ಕೆ ಇಳಿಸಿ, 512 ಬೈಟ್ ಮಾತ್ರ ಕಳಿಸಿ.