ಸೆನ್ಸರ್ ಕೊಳ್ಳುವ ಮೊದಲು ವೈರ್ ನೋಡಿ

ಪ್ರಶ್ನೆ: ನನ್ನ ಹಳೇ ಆಲ್ಟೊ ನವಲೂರ ದಾಟಿ ಒಂದ ವೇಗದಾಗ ಹೊಂಟಾಗ ಜಗ್ಗಿ ಜಗ್ಗಿ ಓಡತೈತಿ. ಸ್ಕ್ಯಾನರ್ ಹಚ್ಚಿದ್ರ ಪಿ0122 ಅಂತ ಬಂತು. ಥ್ರಾಟಲ್ ಪೊಸಿಷನ್ ಸೆನ್ಸರ್ ಹೊಸಾದು ಹಾಕಿಸಿದೆ. ಮಳಿ ಬಿದ್ದ ಮ್ಯಾಲೆ ಮತ್ತ ಅದ ಕೋಡ್. ಇನ್ನೊಂದು ಹಾಕಿಸಲೇನು? (ಧಾರವಾಡ)

ಬೇಡ. ಈ ಪ್ರಶ್ನೆ ಬರುವುದೇ ಸೆನ್ಸರಿಗೆ ದುಡ್ಡು ಸುರಿದ ಮೇಲೆ. ಅದಕ್ಕೇ ಸಿಟ್ಟು ಬರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ತೆರೆದು ಎಂಜಿನ್ನಿಗೆ ಗಾಳಿ ಬಿಡುವ ತಟ್ಟೆಯೇ ಥ್ರಾಟಲ್, ಅದು ಎಷ್ಟು ತೆರೆದಿದೆ ಎಂದು ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಹೇಳುವುದು ಈ ಸೆನ್ಸರ್. ಪಿ0122 ಅಂದರೆ ಅದರ ಸಿಗ್ನಲ್ ವೋಲ್ಟೇಜ್ ತೀರಾ ಕಡಿಮೆ ಇದೆ ಎಂದಷ್ಟೇ. ಸೆನ್ಸರ್ ಸತ್ತರೂ ಹಾಗಾಗುತ್ತದೆ, ಇಲಿ ವೈರ್ ಕಡಿದರೂ ಆಗುತ್ತದೆ, ಪಿನ್ ಹಸಿರುಗಟ್ಟಿದರೂ ಆಗುತ್ತದೆ. ಮಳೆಯ ಜೊತೆ ಬಂದ ದೋಷಕ್ಕೆ ನಾನು ಮೊದಲು ನೋಡುವುದು ಕನೆಕ್ಟರನ್ನೇ.

ಕೀ ಆಫ್ ಮಾಡಿ ಕನೆಕ್ಟರ್ ಬಿಚ್ಚಿ, ಆಮೇಲೆ ಇಗ್ನಿಷನ್ ಆನ್ ಮಾಡಿ. ಎಂಜಿನ್ ಚಾಲೂ ಬೇಡ. ಮೂರು ಪಿನ್ನುಗಳಲ್ಲಿ ಒಂದಕ್ಕೆ 5 ವೋಲ್ಟ್ ಬರಬೇಕು. ಮಲ್ಟಿಮೀಟರಿನ ಕಪ್ಪು ವೈರನ್ನು ಕಾರಿನ ಮೈಗೆ ಒತ್ತಬೇಡಿ, ಅದೇ ಕನೆಕ್ಟರಿನ ಗ್ರೌಂಡ್ ಪಿನ್ನಿಗೆ ಹಿಡಿಯಿರಿ. ಗ್ರೌಂಡಿನ ಪರೀಕ್ಷೆಯೂ ಆಗಿಹೋಗುತ್ತದೆ. 5 ವೋಲ್ಟ್ ಬರದಿದ್ದರೆ ಮ್ಯಾಪ್ (ಎಂಜಿನ್ ಎಳೆಯುವ ಗಾಳಿಯ ಒತ್ತಡ ಅಳೆಯುವ) ಸೆನ್ಸರಿನ ಕನೆಕ್ಟರನ್ನೂ ಕಳಚಿ ನೋಡಿ. ಎಷ್ಟೋ ಗಾಡಿಗಳಲ್ಲಿ ಎರಡಕ್ಕೂ ಒಂದೇ 5 ವೋಲ್ಟಿನ ಲೈನು. ಮ್ಯಾಪ್ ಒಳಗೆ ಶಾರ್ಟ್ ಆಗಿದ್ದರೆ ನೀವು ಹತ್ತು ಥ್ರಾಟಲ್ ಸೆನ್ಸರ್ ಹಾಕಿದರೂ ಉಪಯೋಗವಿಲ್ಲ.

5 ವೋಲ್ಟ್ ಸರಿಯಿದ್ದರೆ ಕನೆಕ್ಟರ್ ಹಾಕಿ, ಹಿಂಬದಿಯಿಂದ ಸಣ್ಣ ಪಿನ್ ತೂರಿಸಿ ಸಿಗ್ನಲ್ ಅಳೆಯಿರಿ. ವೈರಿನ ಮೈಗೆ ಸೂಜಿ ಚುಚ್ಚುವ ಚಟ ಬಿಡಿ, ಆ ತೂತಿನಿಂದಲೇ ನೀರು ಇಳಿಯುತ್ತದೆ. ಕಾಲು ಎತ್ತಿದಾಗ ಸುಮಾರು 0.5ರಿಂದ 1 ವೋಲ್ಟ್, ನಿಧಾನ ಒತ್ತುತ್ತ ಹೋದರೆ ಎಲ್ಲೂ ಮುಗ್ಗರಿಸದೆ 4ರ ಮೇಲೆ ಏರಬೇಕು. ನಡುವೆ ಒಮ್ಮೆಲೇ ಕುಸಿದರೆ ಒಳಗಿನ ಕಾರ್ಬನ್ ಪಟ್ಟಿ ಸವೆದಿದೆ. ಕಾಲು ಸದಾ ನಿಲ್ಲುವ ಜಾಗದಲ್ಲೇ ಅದು ಸವೆಯುವುದು, ಒಂದೇ ವೇಗದಲ್ಲಿ ಹೋಗುವಾಗ ಜಗ್ಗುವುದಕ್ಕೆ ಅದೂ ಕಾರಣ. ಅಗ್ಗದ ನಕಲಿ ಸೆನ್ಸರಾದರೆ ಹೊಸದರಲ್ಲೇ ಮುಗ್ಗರಿಸೀತು. ಏರಿಕೆ ಸರಿಯಿದ್ದರೆ ವೈರಿನ ಗೊಂಚಲು ಅಲ್ಲಾಡಿಸಿ. ಅಂಕಿ ಕುಣಿದಲ್ಲೇ ದೋಷ.

ಐಡಲ್ ಏರಿಸಲೆಂದು ಥ್ರಾಟಲಿನ ಸ್ಟಾಪ್ ಸ್ಕ್ರೂ ತಿರುಗಿಸುವ ಮಿಸ್ತ್ರಿಯ ಹತ್ತಿರ ಗಾಡಿ ಬಿಡಬೇಡಿ. ಕಂಪನಿ ಕೂರಿಸಿದ ಆ ಸ್ಕ್ರೂ ಕದಲಿದರೆ ಕಾಲು ಎತ್ತಿದ್ದೇ ಇಸಿಯುಗೆ ಗೊತ್ತಾಗದಂತಾಗುತ್ತದೆ. ಪ್ರೆಷರ್ ಹಾಕಿ ಎಂಜಿನ್ ತೊಳೆಸುವುದನ್ನೂ ನಿಲ್ಲಿಸಿ.

ಪ್ರಶ್ನೆ: ಬ್ಯಾಟರಿ ಟರ್ಮಿನಲ್ ತೆಗೆದು ಹಾಕಿದರೆ ಸರಿಹೋಗುತ್ತದೆಯೇ? (ಬ್ಯಾಡಗಿ)

ಕೋಡ್ ಅಳಿಸೀತು, ದೋಷ ಉಳಿಯುತ್ತದೆ.

ಪ್ರಶ್ನೆ: ಮೈಲೇಜ್ ಹೆಚ್ಚಿಸಲು ಈ ಸೆನ್ಸರಿಗೆ ರೆಸಿಸ್ಟರ್ ಹಾಕಿಕೊಡುತ್ತಾರಂತೆ, ಹಾಕಿಸಲೇ? (ಗದಗ)

ಅದು ಇಸಿಯುಗೆ ಸುಳ್ಳು ಹೇಳಿಸುವ ಕೆಲಸ. ದುಡ್ಡು ಉಳಿಸಿಕೊಳ್ಳಿ.

ಪ್ರಶ್ನೆ: ಆಕ್ಸಿಲರೇಟರ್ ಕೇಬಲ್ ಇಲ್ಲದ ಹೊಸ ಕಾರಿನಲ್ಲಿ ಸೆನ್ಸರ್ ಮಾತ್ರ ಬದಲಿಸಬಹುದೇ? (ಹಾವೇರಿ)

ಬಹುತೇಕ ಇಲ್ಲ, ಅದು ಥ್ರಾಟಲ್ ಬಾಡಿಯ ಒಳಗೇ ಇರುತ್ತದೆ, ಇಡೀ ಥ್ರಾಟಲ್ ಬಾಡಿ ಬದಲಿಸಿ ಸ್ಕ್ಯಾನರಿನಿಂದ ಹೊಂದಿಸಬೇಕು. ಇಗ್ನಿಷನ್ ಆನ್ ಇರುವಾಗ ಥ್ರಾಟಲಿನ ತಟ್ಟೆಗೆ ಬೆರಳು ಹಾಕಬೇಡಿ. ಮೋಟರ್ ಫಟ್ಟನೆ ಮುಚ್ಚುತ್ತದೆ.