ನಾಲ್ಕೂವರೆ ವರ್ಷದ ಮಗನಿಗೆ ಶ್ರುತಿ ಸೇರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾವು ಶಿರಸಿ ಸಮೀಪದ ಹಳ್ಳಿಯವರು. ಮಗನಿಗೆ ನಾಲ್ಕೂವರೆ ವರ್ಷ. ಯಕ್ಷಗಾನಕ್ಕೆ ಕರೆದೊಯ್ದರೆ ಚಂಡೆಯ ಪೆಟ್ಟಿಗೆ ಕುಣಿಯುತ್ತಾನೆ, ಮನೆಗೆ ಬಂದು ಪಾತ್ರೆ ಬಡಿಯುತ್ತಾನೆ. ಆಸಕ್ತಿಯಿದೆಯೆಂದು ಪೇಟೆಯ ಸಂಗೀತ ತರಗತಿಗೆ ಸೇರಿಸಿದೆವು. ಅಲ್ಲಿ ಹತ್ತು ನಿಮಿಷವೂ ಕೂರುವುದಿಲ್ಲ, ಹಾಡಿದರೆ ಶ್ರುತಿ ಸೇರುವುದಿಲ್ಲ. ನನಗಾಗಲೀ ಯಜಮಾನರಿಗಾಗಲೀ ಹಾಡಲು ಬಾರದು. ಅತ್ತೆಯವರು ಮಾತ್ರ ಆರತಿ ಹಾಡು, ಶೋಭಾನೆ ಹಾಡುತ್ತಾರೆ. ತರಗತಿ ಮುಂದುವರಿಸಬೇಕೆ? ಕೀಬೋರ್ಡ್ ಕೊಡಿಸಿದರೆ ಅನುಕೂಲವಾದೀತೆ?
– ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ತರಗತಿಯನ್ನು ಸದ್ಯಕ್ಕೆ ನಿಲ್ಲಿಸಿ. ನಿಮ್ಮ ಮಗನಲ್ಲಿ ಕೊರತೆಯಿದೆ ಎಂಬ ಕಾರಣಕ್ಕೆ ಹೀಗೆ ಹೇಳುತ್ತಿಲ್ಲ. ಈ ವಯಸ್ಸಿನಲ್ಲಿ ಸಂಗೀತವು ಮಗುವಿಗೆ ಕೂತು ಕಲಿಯುವ ಪಾಠವಾಗಿ ಅಲ್ಲ, ಕಿವಿ, ಮೈ ಮತ್ತು ಮನೆಯವರ ದನಿಯ ಮೂಲಕ ಒಳಗಿಳಿಯುತ್ತದೆ. ಚಂಡೆಗೆ ಕುಣಿಯುವುದು, ಪಾತ್ರೆ ಬಡಿಯುವುದು ಕಲಿಕೆಯ ಮೊದಲಿನ ತುಂಟಾಟವೆಂದು ನಿಮಗೆ ತೋರಿರಬಹುದು. ನನ್ನ ದೃಷ್ಟಿಯಲ್ಲಿ ಅದೇ ಕಲಿಕೆ.

ಶ್ರುತಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಎಷ್ಟೋ ಮಕ್ಕಳಿಗೆ ‘ಇವನಿಗೆ ಸಂಗೀತ ಬಾರದು’ ಎಂಬ ಹಣೆಪಟ್ಟಿ ಅಂಟುವುದು ಇಲ್ಲಿಯೇ. ನಾಲ್ಕೈದು ವರ್ಷದ ಮಗುವಿನ ಕಂಠದಲ್ಲಿ ಸಲೀಸಾಗಿ ಹೊರಡುವ ಸ್ವರಗಳು ಐದಾರು ಮಾತ್ರ, ಅವೂ ದೊಡ್ಡವರು ಮೆಲುದನಿಯಲ್ಲಿ ಹಾಡಿಕೊಳ್ಳುವ ಸ್ಥಾಯಿಗಿಂತ ಸಾಕಷ್ಟು ಮೇಲಿರುತ್ತವೆ. ತರಗತಿಯಲ್ಲಿ ದೊಡ್ಡ ಮಕ್ಕಳಿಗೆಂದು ಇಟ್ಟ ಷಡ್ಜ, ಅಂದರೆ ಹಾಡಿಗೆ ಆಧಾರವಾದ ‘ಸ’ ಸ್ವರ, ಇವನ ಕಂಠಕ್ಕೆ ಎಟುಕದಿದ್ದಾಗ ಅವನು ಹಾಡನ್ನು ಮಾತಿನಂತೆ ಹೇಳಿಬಿಡುತ್ತಾನೆ ಅಥವಾ ಎದ್ದು ಓಡುತ್ತಾನೆ. ಗಂಡಸರ ತಗ್ಗಿದ ದನಿಯನ್ನು ಕೇಳಿ ಅದೇ ಸ್ವರವನ್ನು ಮೇಲಿನ ಸ್ಥಾಯಿಯಲ್ಲಿ ಹಿಡಿಯುವುದಂತೂ ಈ ಪ್ರಾಯದವರಿಗೆ ಇನ್ನೂ ಕಷ್ಟ. ಆದ್ದರಿಂದ ಕ್ರಮವನ್ನು ತಿರುಗಿಸಿ: ಅವನು ಆಟದ ನಡುವೆ ತನ್ನಷ್ಟಕ್ಕೆ ಗುನುಗುವಾಗ ಆ ಸ್ವರವನ್ನು ನೀವು ಹಿಡಿದು, ಅದರಿಂದಲೇ ಒಂದು ಚಿಕ್ಕ ಸಾಲನ್ನು ಹಾಡಿ. ಮಗು ನಿಮ್ಮ ಶ್ರುತಿಗೆ ಬರುವ ಮೊದಲು ನೀವು ಮಗುವಿನ ಶ್ರುತಿಗೆ ಹೋಗಬೇಕು. ಶ್ರುತಿ ನಿಲ್ಲುವ ಶಕ್ತಿ ಬಹುಪಾಲು ಮಕ್ಕಳಲ್ಲಿ ಶಾಲೆಯ ಮೊದಲ ಕೆಲವು ವರ್ಷಗಳಲ್ಲಿ ಮೆಲ್ಲಗೆ ಬರುವಂಥದ್ದು.

ನಿಮಗೆ ಹಾಡಲು ಬಾರದು ಎಂದಿದ್ದೀರಿ. ಮಗುವಿಗೆ ಅದರಿಂದ ಏನೂ ಬಾಧಕವಿಲ್ಲ. ಗರ್ಭದಲ್ಲಿರುವಾಗಲೇ ಕೇಳಿ ಪರಿಚಯವಾದ ತಾಯಿಯ ದನಿಗೆ ಹಸುಳೆಗಳು ಬೇರೆಲ್ಲ ದನಿಗಳಿಗಿಂತ ಹೆಚ್ಚು ಕಿವಿಗೊಡುತ್ತವೆ. ಅದು ಇಂಪಾಗಿದೆಯೇ ಎಂದು ಅವು ಅಳೆಯುವುದಿಲ್ಲ. ಸ್ನಾನ ಮಾಡಿಸುವಾಗ, ಉಣಿಸುವಾಗ, ಮಲಗಿಸುವಾಗ ದಿನವೂ ಅದೇ ಎರಡು ಮೂರು ಹಾಡು ಬರಲಿ. ಹಾಡಿದ್ದನ್ನೇ ಹಾಡಿ ನಿಮಗೆ ಬೇಸರ ಬಂದೀತು, ಮಗುವಿಗೆ ಬಾರದು.

ನಿಮ್ಮ ಅತ್ತೆಯವರು ಮನೆಯಲ್ಲಿರುವುದು ದೊಡ್ಡ ಭಾಗ್ಯ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅವರು ಹಾಲಕ್ಕಿ ಸಮುದಾಯದ ಹಾಡುಗಳ ಭಂಡಾರವಾಗಿ 2017ರಲ್ಲಿ ಪದ್ಮಶ್ರೀ ಪಡೆದವರು. ಅವರ ಹಾಡುಗಾರಿಕೆ ಆರಂಭವಾದದ್ದು ತಾಯಿ ಕಲಿಸಿದ ಹಾಡುಗಳಿಂದ. ಅತ್ತೆಯವರು ದೇವರ ಮುಂದೆ ಆರತಿ ಹಾಡುವಾಗ ಮಗನನ್ನು ಪಕ್ಕದಲ್ಲಿ ಕೂರಿಸಿ, ಸಾಲಿನ ಕೊನೆಯ ಪದವನ್ನಷ್ಟೇ ಅವನಿಗೆ ಬಿಟ್ಟುಕೊಡಲಿ. ಕೂರದಿದ್ದರೆ ಬೇಡ, ಸುತ್ತ ಓಡಾಡುತ್ತಲೇ ಅವನು ಕೇಳಿಸಿಕೊಳ್ಳುತ್ತಾನೆ. ಹಾಡು ಮುಗಿದೊಡನೆ ‘ಅಜ್ಜಿ ಹೇಳಿದ್ದು ಹೇಳು ನೋಡೋಣ’ ಎಂದು ಪರೀಕ್ಷಿಸುವುದಾಗಲೀ, ನೆಂಟರು ಬಂದಾಗ ಹಾಡಿಸುವುದಾಗಲೀ ದಯವಿಟ್ಟು ಬೇಡ.

ತಾಳದ ವಿಷಯದಲ್ಲಿ ನಮ್ಮ ಜಿಲ್ಲೆಯ ಮಕ್ಕಳಿಗೆ ಸಿಗುವ ಸಂಪತ್ತನ್ನು ಕಂಡು ನನಗೆ ಸಂತೋಷವಾಗುತ್ತದೆ. ಆರು ತಿಂಗಳ ಶಿಶು ಸರಳವಾದ ಲಯವನ್ನೂ ಎಣಿಕೆ ಸಮವಾಗಿ ಒಡೆಯದ ವಿಷಮ ಲಯವನ್ನೂ ಸಮಾನವಾಗಿ ಗುರುತಿಸಬಲ್ಲದು, ವರ್ಷ ತುಂಬುವ ಹೊತ್ತಿಗೆ ಮಾತ್ರ ತನ್ನ ಸುತ್ತ ಕೇಳಿಬರುವ ಲಯಗಳತ್ತ ವಾಲುತ್ತದೆ ಎಂಬುದನ್ನು ಸಂಶೋಧಕರು ಕಂಡುಕೊಂಡಿದ್ದಾರೆ. ಏಕತಾಳದ ಜೊತೆಗೆ ತ್ರಿವುಡೆ ತಾಳದ 7 ಮಾತ್ರೆ (ಎಣಿಕೆ), ಜಂಪೆ ತಾಳದ 10 ಮಾತ್ರೆ ಯಕ್ಷಗಾನದ ಹಾಡುಗಾರರಾದ ಭಾಗವತರ ಪದ್ಯಗಳಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಮಗುವಿಗೆ ಅವು ಮುಂದೆ ಲೆಕ್ಕ ಹಾಕಿ ಕಲಿಯಬೇಕಾದ ಕಠಿಣ ತಾಳಗಳಾಗಿ ಉಳಿಯುವುದಿಲ್ಲ. ಹಾಗಾಗಿ ಯಕ್ಷಗಾನದ ಆಟಕ್ಕೆ ಕರೆದೊಯ್ಯಿರಿ, ಸುಗ್ಗಿ ಕುಣಿತವನ್ನೂ ತೋರಿಸಿ. ನಿದ್ದೆ ಬಂದರೆ ಅಲ್ಲೇ ಮಲಗಲಿ. ಆದರೆ ಚಂಡೆಯ ಹತ್ತಿರವಾಗಲೀ ಧ್ವನಿವರ್ಧಕದ ಎದುರಾಗಲೀ ಕೂರಿಸಬೇಡಿ. ಮಕ್ಕಳ ಕಿವಿಗೆ ವಾರಕ್ಕೆ 40 ಗಂಟೆಯ ಆಲಿಕೆಗೆ 75 ಡೆಸಿಬಲ್ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸದ್ದು ಏರಿದಂತೆಲ್ಲ ಸುರಕ್ಷಿತ ಸಮಯ ಬಹಳ ಬೇಗ ಕುಗ್ಗುತ್ತದೆ.

ಇನ್ನೊಂದು ಮಾತು. ನಮ್ಮ ಕಡೆಯ ಉದ್ದನೆಯ ಮಳೆಗಾಲದಲ್ಲಿ ಮಕ್ಕಳಿಗೆ ಬಿಟ್ಟು ಬಿಟ್ಟು ನೆಗಡಿಯಾಗುತ್ತದೆ, ಅದರ ಬೆನ್ನಿಗೆ ಕಿವಿಯ ಒಳಗೆ ದ್ರವ ನಿಂತು ಕೆಲವು ವಾರ ಕೇಳಿಸುವುದು ಮಂದವಾಗಬಹುದು. ಕರೆದರೆ ತಿರುಗದಿರುವುದು, ಟಿವಿಯ ಸದ್ದು ಹೆಚ್ಚಿಸುವುದು, ಮಾತು ಅಸ್ಪಷ್ಟವಾಗುವುದು ಕಂಡುಬಂದರೆ ಕಿವಿ, ಮೂಗು, ಗಂಟಲು ವೈದ್ಯರಿಗೆ ತಪ್ಪದೆ ತೋರಿಸಿ.

ಕೀಬೋರ್ಡ್ ಈಗ ಬೇಡ. ಗುಂಡಿ ಒತ್ತಿದರೆ ಅದೇ ತಾಳ ಹಾಕುತ್ತದೆ, ಅದೇ ಹಾಡುತ್ತದೆ. ಮಗುವಿನ ಪಾಲಿಗೆ ಕೆಲಸವೇ ಉಳಿಯುವುದಿಲ್ಲ. ಮೊಬೈಲ್ ಹಾಡುಗಳ ಬಗೆಗೂ ನನ್ನ ಅಭಿಪ್ರಾಯ ಇದೇ: ಪರದೆಯನ್ನು ಮರೆಮಾಡಿ, ಮನೆಯವರೂ ಜೊತೆಗೆ ಕೂತು ಕೇಳುವುದಾದರೆ ಸರಿ. ಭಜನೆಯ ತಾಳವೊಂದು ಜೊತೆ, ಒಂದಿಷ್ಟು ಗೆಜ್ಜೆ ತಂದುಕೊಡಿ, ಪಾತ್ರೆಗಳನ್ನೂ ಕಸಿದುಕೊಳ್ಳಬೇಡಿ. ಏಳೆಂಟು ವರ್ಷವಾಗಿ ಅವನೇ ಕಲಿಯುವೆನೆಂದು ಕೇಳಿದಾಗ ಮತ್ತೆ ಗುರುಗಳನ್ನು ಹುಡುಕಿ, ಹಿಂದೂಸ್ತಾನಿ ಗಾಯನವೋ ತಬಲವೋ ಮದ್ದಲೆಯೋ ಎಂಬುದನ್ನು ಅವನ ಒಲವು ನೋಡಿ ನಿರ್ಧರಿಸಿ. ಸೇರಿಸುವ ಮುನ್ನ ಒಂದು ದಿನ ತರಗತಿಯ ಹೊರಗೆ ಕೂತು ಕೇಳಿ; ಪರೀಕ್ಷೆಯ ಮಾತಿಗಿಂತ ಹಾಡೇ ಹೆಚ್ಚಾಗಿ ಕೇಳಿಸುವ ಮನೆಯಾದರೆ ಸೇರಿಸಿ.